ಲಗೇಜ್ ಆಟೋ ಹತ್ತಿದವರು ಲಗೇಜ್ ಅಲ್ಲ

ಬೆಳಿಗ್ಗೆ ಏಳು ಗಂಟೆಗೆ ಲೋಕಿಕೆರೆ ರಸ್ತೆ, ಹದಡಿ ರಸ್ತೆ, ಬೇತೂರು ರಸ್ತೆ, ಯಾವುದರಲ್ಲಾದರೂ ಅರ್ಧ ಗಂಟೆ ನಿಂತು ನೋಡಿ. ದಾವಣಗೆರೆ ಕಡೆ ಹೊರಟ ಆಟೋಗಳಲ್ಲಿ ಮೂವರು ಕೂರುವ ಜಾಗದಲ್ಲಿ ಆರೇಳು ಜನ. ಡ್ರೈವರ್ ಎಡಕ್ಕೊಬ್ಬ, ಬಲಕ್ಕೊಬ್ಬ. ಹಿಂದೆ ಬರುವ ಲಗೇಜ್ ಆಟೋದಲ್ಲಿ ಹೆಣ್ಣುಮಕ್ಕಳು ಬುತ್ತಿ ಚೀಲ ಹಿಡಿದು ನಿಂತಿರುತ್ತಾರೆ. ಆಸರೆಗೆ ಪಕ್ಕದವಳ ಭುಜ ಬಿಟ್ಟರೆ ಬೇರೇನೂ ಇಲ್ಲ.

ಇವರು ಜಾತ್ರೆಗೆ ಹೊರಟವರಲ್ಲ. ಮಂಡಕ್ಕಿ ಭಟ್ಟಿಗೆ, ಗಾರೆ ಕೆಲಸಕ್ಕೆ, ಬಟ್ಟೆ ಅಂಗಡಿಗೆ, ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ, ಹಮಾಲಿಗೆ ಹೊರಟವರು. ನಮ್ಮ ಮನೆಯವರೂ ಇದರಲ್ಲಿ ಇದ್ದಾರೆ. ನಾವು ಕಾಲೇಜಿಗೆ ಹೋಗಿದ್ದೂ ಹೀಗೆಯೇ.

ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಗಿರಣಿಗಳು ಸಾಲಾಗಿದ್ದವು. ಪಕ್ಕದ ಹರಿಹರದಲ್ಲಿ 1941ರಿಂದ ಕಿರ್ಲೋಸ್ಕರ್ ಕಾರ್ಖಾನೆ ಇತ್ತು. ಆಗ ಕೆಲಸಕ್ಕೆ ಒಂದು ಗೇಟು, ಒಂದು ಪಾಳಿ, ಒಂದು ಸೈರನ್. ಸುತ್ತಲಿನ ಹಳ್ಳಿಯವರು ಆ ಸೈರನ್ ಹಿಡಿದು ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಎಲ್ಲರೂ ಒಂದೇ ಗೇಟಿನಲ್ಲಿ ಸೇರುತ್ತಿದ್ದರಿಂದ ಸಂಘ ಕಟ್ಟಿದರು, ಮುಷ್ಕರ ಮಾಡಿದರು. ಕಾರ್ಮಿಕ ಮುಖಂಡ ಪಂಪಾಪತಿಯವರನ್ನು 1978, 1983, 1985ರಲ್ಲಿ, ಮೂರು ಸಲ ವಿಧಾನಸಭೆಗೆ ಕಳಿಸಿದ ಊರು ಇದು.

ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಿರ್ಲೋಸ್ಕರ್ ಕೂಡ ನಿಂತಿತು. ಆದರೆ ಹಳ್ಳಿಯಿಂದ ಪೇಟೆಗೆ ದುಡಿಯಲು ಹೋಗುವುದು ನಿಲ್ಲಲಿಲ್ಲ. ಕೆಲಸ ಮಾತ್ರ ನೂರು ಕಡೆ ಚೆದುರಿತು. ಒಬ್ಬರಿಗೆ ಏಳಕ್ಕೆ, ಒಬ್ಬರಿಗೆ ಒಂಬತ್ತಕ್ಕೆ. ಬಟ್ಟೆ ಅಂಗಡಿ ಹುಡುಗಿಗೆ ಬಿಡುವು ರಾತ್ರಿ ಎಂಟೂವರೆಗೆ, ಅಷ್ಟರಲ್ಲಿ ಊರಿನ ಕೊನೇ ಬಸ್ಸು ಹೋಗಿರುತ್ತದೆ. ಕೆಲಸ ಬದಲಾಯಿತು, ಬಸ್ಸಿನ ವೇಳೆ ಬದಲಾಗಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ಸರ್ಕಾರವಲ್ಲ, ಸಾಲ ಮಾಡಿ ಆಟೋ ತಂದ ನಮ್ಮೂರ ಹುಡುಗರು.

ಇದನ್ನು ಅಧಿಕಾರಿಗಳು 'ಅಕ್ರಮ ಸಾಗಾಟ' ಅನ್ನುತ್ತಾರೆ. ಎಲ್ಲೋ ಒಂದು ಟೆಂಪೋ ಪಲ್ಟಿಯಾದ ಮಾರನೇ ದಿನ ರಸ್ತೆಯಲ್ಲಿ ತಪಾಸಣೆ ಶುರು. ಒಂದು ವಾರ ದಂಡ, ಪೇಪರಿನಲ್ಲಿ ಫೋಟೋ. ಆ ವಾರ ಕೂಲಿ ತಪ್ಪಿದ್ದು ಯಾರಿಗೆ ಅಂತ ಯಾರೂ ಬರೆಯುವುದಿಲ್ಲ. ಎಂಟನೇ ದಿನ ಅದೇ ಆಟೋ, ಅದೇ ಜನ, ದಂಡದ ದುಡ್ಡು ಹುಟ್ಟಿಸಲು ಇನ್ನಿಬ್ಬರು ಹೆಚ್ಚು.

ಹಾಗಂತ 'ಹೆಂಗೋ ನಡೀತದೆ ಬಿಡು' ಅನ್ನುವವರ ಪರ ನಾವಿಲ್ಲ. ಯಾಕೆಂದರೆ ಒಂದು ವಿಷಯ ನಮ್ಮ ಹಳ್ಳಿಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಸರಕು ವಾಹನದ ವಿಮೆ ಹಿಂದೆ ಹತ್ತಿದ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ. ತನ್ನ ತರಕಾರಿ ಮೂಟೆ ಜೊತೆ ಹೋಗುವ ರೈತನಿಗೆ ಕಾನೂನಿನಲ್ಲಿ ರಕ್ಷಣೆ ಇದೆ. ಕಳೆ ಕೀಳಲು ಹೋಗುವ ಅವನ ಹೆಂಡತಿಗೆ ಇಲ್ಲ. ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಪಘಾತವಾದರೆ ಪರಿಹಾರ ಕೊಡಬೇಕಾದವನು ಗಾಡಿ ಮಾಲೀಕ. ಅವನ ಹತ್ತಿರ ಇರುವುದು ಸಾಲದ ಗಾಡಿ ಒಂದೇ, ಅದೂ ಜಜ್ಜಿ ಹೋಗಿರುತ್ತದೆ. ಕೆಲವು ಸಲ ಕೋರ್ಟು 'ವಿಮಾ ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ' ಅಂದಿದ್ದುಂಟು. ಅದನ್ನು ನಂಬಿ ಗಾಡಿ ಹತ್ತುವ ಹಾಗಿಲ್ಲ.

ಅಂದರೆ ಮೂಟೆಗಿರುವ ಬೆಲೆ ಮನುಷ್ಯರಿಗಿಲ್ಲ. ನಮ್ಮ ಸಿಟ್ಟು ಇರುವುದು ಇಲ್ಲಿ.

ಇನ್ನು ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಒಳ್ಳೆಯ ಯೋಜನೆ, ಅದನ್ನು ಆಡಿಕೊಳ್ಳುವವರ ಜೊತೆ ನಾವು ಸೇರುವುದಿಲ್ಲ. ಆದರೆ ಸರ್ಕಾರಿ ಬಸ್ಸೇ ಬಾರದ ಊರಿನಲ್ಲಿ ಆಧಾರ್ ಕಾರ್ಡ್ ತೋರಿಸುವುದು ಯಾರಿಗೆ? ನಮ್ಮ ಕಡೆ ಎಷ್ಟೋ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸು. ಅದೂ ಇಲ್ಲದ ಹೊತ್ತಿಗೆ ಆಟೋ. ಬೆಂಗಳೂರಿನಲ್ಲಿ ಕಚೇರಿಗೆ ಹೋಗುವವರಿಗೆ ಪುಕ್ಕಟೆ, ಮಂಡಕ್ಕಿ ಭಟ್ಟಿಗೆ ಹೋಗುವ ನಮ್ಮ ಅಕ್ಕಂದಿರಿಗೆ ದಿನವೂ ಹೋಗಿ ಬರುವ ಖರ್ಚು. ಇದು ಯಾವ ನ್ಯಾಯ?

'ಹತ್ತು ಜನಕ್ಕೆ ಒಂದು ಬಸ್ಸು ಬಿಟ್ಟರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ' ಅನ್ನುತ್ತಾರೆ. ಸರಿ, ಒಪ್ಪೋಣ. ಹತ್ತು ಜನಕ್ಕೆ ಹತ್ತು ಜನದ ಗಾಡಿ ಬಿಡಿ. ಅದಕ್ಕೆ ಕಾನೂನು ಅಡ್ಡ ಬರುತ್ತದೆ ಅನ್ನುವ ನೆಪವೂ ಈಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ 67ನೇ ಕಲಮಿಗೆ ಮೂರನೇ ಉಪಕಲಮು ಸೇರಿದೆ. ಗ್ರಾಮೀಣ ಸಾರಿಗೆಗಾಗಿ ರಾಜ್ಯ ಸರ್ಕಾರವೇ ಯೋಜನೆ ಮಾಡಿ ಲೈಸೆನ್ಸ್ ಕೊಡಬಹುದು, ಇರುವ ಪರ್ಮಿಟ್ಟನ್ನೂ ಬದಲಿಸಬಹುದು ಅಂತ ಅದರಲ್ಲಿದೆ. ಅಧಿಕಾರ ಕೈಯಲ್ಲಿದೆ, ಬಳಸುವ ಮನಸ್ಸು ಬೇಕು.

ನಾವು ಕೇಳುವುದು ಇಷ್ಟೇ. ಹಳ್ಳಿ ರೂಟಿನ ಸಣ್ಣ ಪ್ರಯಾಣಿಕ ವಾಹನಗಳಿಗೆ ಲೈಸೆನ್ಸ್ ಕೊಡಿ. ಎಷ್ಟು ಸೀಟು, ಎಷ್ಟು ದರ, ಯಾವ ವೇಳೆ ಅಂತ ಗಾಡಿಯ ಮೇಲೆ ಬರೆಸಿ. ಪ್ರತಿ ಸೀಟಿಗೂ ವಿಮೆ ಕಡ್ಡಾಯ ಮಾಡಿ. ಸರ್ಕಾರಿ ಬಸ್ಸಿಲ್ಲದ ರೂಟಿನಲ್ಲಿ ಹೆಣ್ಣುಮಕ್ಕಳ ದರವನ್ನು ಶಕ್ತಿ ಯೋಜನೆಯಿಂದಲೇ ಕಟ್ಟಿ. ಇಷ್ಟಾದ ಮೇಲೂ ಸರಕು ಗಾಡಿಯಲ್ಲಿ ಜನ ತುಂಬಿದರೆ ಆಗ ದಂಡ ಹಾಕಿ, ನಾವೇ ಪಕ್ಕದಲ್ಲಿ ನಿಲ್ಲುತ್ತೇವೆ.

ಡ್ರೈವರ್ ಅಣ್ಣಂದಿರಿಗೂ ಒಂದು ಮಾತು. 'ಇನ್ನೊಬ್ಬರು ಹಿಡೀತಾರೆ, ಸ್ವಲ್ಪ ಒತ್ಕಳ್ರಿ' ಅನ್ನುವ ಆ ಇನ್ನೊಬ್ಬರಿಂದಲೇ ಗಾಡಿ ವಾಲುವುದು. ನಾವೂ ತಪ್ಪಿತಸ್ಥರೇ, ಒತ್ತಿಕೊಂಡು ಜಾಗ ಕೊಟ್ಟವರು ನಾವೇ.

ಗಿರಣಿ ಕಾಲದವರಿಗೆ ಸೇರಲು ಗೇಟು ಇತ್ತು. ನಮಗೆ ಇರುವುದು ಗ್ರಾಮಸಭೆ. ಮುಂದಿನ ಸಭೆಗೆ ಮೊದಲು ನಿಮ್ಮೂರಲ್ಲಿ ಒಂದು ಹಾಳೆ ತಗೊಳ್ಳಿ. ಬೆಳಿಗ್ಗೆ ಎಷ್ಟು ಗಂಟೆಗೆ ಎಷ್ಟು ಜನ ಪೇಟೆಗೆ ಹೋಗುತ್ತಾರೆ, ರಾತ್ರಿ ಎಷ್ಟಕ್ಕೆ ವಾಪಸ್, ಮನೆ ಮನೆ ಕೇಳಿ ಬರೆಯಿರಿ. ಸಭೆಯಲ್ಲಿ ಠರಾವು ಮಾಡಿಸಿ ಜಿಲ್ಲಾಧಿಕಾರಿಗೆ ಕೊಡಿ. ಪರ್ಮಿಟ್ ಮತ್ತು ವೇಳೆ ತೀರ್ಮಾನಿಸುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಕೊಟ್ಟ ಅರ್ಜಿಗೆ ಸ್ವೀಕೃತಿ ಹಾಕಿಸಿಕೊಳ್ಳುವುದು ಮರೆಯಬೇಡಿ.

ಅಲ್ಲಿಯವರೆಗೆ ಮನೆಯ ಹೆಣ್ಣುಮಕ್ಕಳಿಗೆ, ಕಾಲೇಜು ಹುಡುಗರಿಗೆ ಒಂದು ಮಾತು ಹೇಳಿ: ಹತ್ತು ನಿಮಿಷ ತಡವಾದರೂ ಸರಿ, ಸರಕು ಗಾಡಿ ಹತ್ತುವುದು ಬೇಡ.