ಮಾಜಿ ಸೈನಿಕರ ಮನೆಯ ಓದು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಿಂದ ಸೈನ್ಯ ಸೇರಿದ ತರುಣರು ಹದಿನೈದು-ಹದಿನೇಳು ವರ್ಷ ದುಡಿದು, ಅನೇಕರು ನಲವತ್ತರೊಳಗೇ ಊರಿಗೆ ಮರಳುತ್ತಾರೆ. ಮಕ್ಕಳಿನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ನೌಕರಿ ಮುಗಿದಿರುತ್ತದೆ, ಖರ್ಚು ಆಗತಾನೆ ಮೊದಲಾಗಿರುತ್ತದೆ.

ಸರಕಾರ ಏನೂ ಮಾಡಿಲ್ಲವೆನ್ನಲಾರೆ. ಹವಾಲ್ದಾರ್ ಹುದ್ದೆಯವರೆಗಿನ ಮಾಜಿ ಸೈನಿಕರ ಇಬ್ಬರು ಮಕ್ಕಳಿಗೆ ಒಂದನೆಯ ತರಗತಿಯಿಂದ ಪದವಿಯವರೆಗೆ ದೊರೆಯುತ್ತಿದ್ದ ತಿಂಗಳ 1,000 ರೂಪಾಯಿ, 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ 2,000 ಆಗಿದೆ. ಡಿಸೆಂಬರ್ 7ರಂದು ನಾವು ಅಂಗಿಗೆ ಚುಚ್ಚಿಕೊಳ್ಳುವ ಪುಟ್ಟ ಧ್ವಜದ ಹೆಸರಿನ ನಿಧಿಯೇ ಇದರ ಮೂಲ.

ನನ್ನ ತಕರಾರು ಪ್ರಧಾನಮಂತ್ರಿ ವಿದ್ಯಾರ್ಥಿವೇತನದ ಬಗ್ಗೆ. 2006-07ರಲ್ಲಿ ಆರಂಭವಾದ ಈ ಯೋಜನೆಯಲ್ಲಿ 2019ರಿಂದ ಗಂಡುಮಕ್ಕಳಿಗೆ ತಿಂಗಳಿಗೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ. ಇಡೀ ದೇಶಕ್ಕೆ ವರ್ಷಕ್ಕೆ 5,500 ಜನರಿಗೆ ಮಾತ್ರ. ಅದೂ ವೃತ್ತಿಪರ ಕೋರ್ಸುಗಳಿಗಷ್ಟೇ. ತಾಲೂಕಿನ ಹುಡುಗಿಗೆ ಬಸ್ಸಿನಲ್ಲಿ ಹೋಗಿಬರಲು ಸಾಧ್ಯವಾಗುವುದು ಹೆಚ್ಚಾಗಿ ಬಿ.ಎ., ಬಿ.ಕಾಂ. ಕಾಲೇಜು. ಅವೆರಡೂ ಪಟ್ಟಿಯಲ್ಲಿಲ್ಲ. ಬಿ.ಎಡ್. ಇದೆ! ಆದರೆ ಬಿ.ಎ. ಮುಗಿಸದೆ ಬಿ.ಎಡ್. ಬಾಗಿಲಿಗೆ ಹೋಗುವುದೆಂತು? ಆ ಮೂರು ವರ್ಷಗಳನ್ನು ಈ ಯೋಜನೆ ಕಾಣದು. ಸಾಮಾನ್ಯ ಪದವಿಯನ್ನೂ ಪಟ್ಟಿಗೆ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಅಗ್ನಿವೀರರು. 2022ರಲ್ಲಿ ಬಂದ ಈ ಯೋಜನೆಯಡಿ ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪಿಂಚಣಿಯೂ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ. ಮೊದಲ ತಂಡಗಳ ಅವಧಿ 2026ರ ಕೊನೆಯ ಹೊತ್ತಿಗೆ ತುಂಬುತ್ತದೆ. ನಾಲ್ವರಲ್ಲಿ ಒಬ್ಬನನ್ನು ಉಳಿಸಿಕೊಂಡರೆ ಉಳಿದ ಮೂವರು ಇಪ್ಪತ್ತರ ಹರೆಯದಲ್ಲೇ ಮನೆಗೆ. ಸುಮಾರು ಹನ್ನೆರಡು ಲಕ್ಷದ ಸೇವಾನಿಧಿ ಬರುವುದು ನಿಜ. ಆದರೆ ನಮ್ಮ ಕಡೆ ಅಂಥ ಗಂಟು ಅಕ್ಕನ ಮದುವೆಗೋ ಹೊಲದ ಸಾಲಕ್ಕೋ ಕರಗದೆ ಉಳಿಯುವುದು ಅಪರೂಪ. ಅಮೆರಿಕ 1944ರ ಕಾನೂನಿನಲ್ಲಿ ಮರಳಿದ ಯೋಧನಿಗೇ ಕಾಲೇಜು ಶುಲ್ಕವನ್ನೂ ಜೀವನವೆಚ್ಚವನ್ನೂ ಕೊಟ್ಟಿತು. 1956ರ ವೇಳೆಗೆ ಸುಮಾರು 78 ಲಕ್ಷ ಜನ ಓದಿಗೋ ತರಬೇತಿಗೋ ಅದನ್ನು ಬಳಸಿದ್ದರು. ನಮ್ಮ ಹುಡುಗರಿಗೂ ಓದಿಗೆಂದೇ ಮೀಸಲಾದ ಹಣ ಬೇಕು.

ನೀವು ಎಷ್ಟೋ ಜನ ಈಗ ಮಾಸ್ತರರಾಗಿದ್ದೀರಿ. ಜೂನ್ ತಿಂಗಳ ದಾಖಲಾತಿಯಲ್ಲಿ ತಂದೆಯ ಉದ್ಯೋಗದೆದುರು ‘ಒಕ್ಕಲುತನ’ ಎಂದು ಬರೆಯುವ ಮುನ್ನ, ಆತ ಹಿಂದೆ ಸೈನ್ಯದಲ್ಲಿದ್ದನೇ ಎಂದೊಮ್ಮೆ ಕೇಳಿರಿ. ಇದ್ದನೆಂದರೆ ಅವನ ಡಿಸ್ಚಾರ್ಜ್ ಪುಸ್ತಕದೊಂದಿಗೆ ವಿಜಯಪುರದ ಸೈನಿಕ ಕಲ್ಯಾಣ ಕಚೇರಿಗೆ ಕಳುಹಿಸಿರಿ.