ಚಿರತೆ ಕಂಡೊಡನೆ ಬೋನು ಬೇಡ



ರಜೆಗೆ ತಾಯ್ನಾಡಿಗೆ ಹೊರಡುವ ಮುನ್ನ ಅಲ್ ಸದ್ದ್‌ನ ನಮ್ಮ ಮನೆಗಳಲ್ಲಿ ಈಗ ಹೊಸದೊಂದು ಪ್ರಶ್ನೆ ಕೇಳಿಬರುತ್ತಿದೆ: “ಅಜ್ಜಿಯ ಊರಿಗೆ ಚಿರತೆ ಬಂದಿದೆಯಂತೆ, ಹೋಗುವುದೇ?” ವಾಟ್ಸ್‌ಆ್ಯಪ್‌ನಲ್ಲಿ ಬರುವ ದೃಶ್ಯಗಳ ಜೊತೆಗೆ “ಕೂಡಲೇ ಹಿಡಿದು ಕಾಡಿಗೆ ಬಿಡಿ” ಎಂಬ ಆಗ್ರಹವೂ ಇರುತ್ತದೆ. ವೈದ್ಯನಾದ ನನಗೆ ಇದು ರೋಗವನ್ನು ಬಿಟ್ಟು ಜ್ವರಕ್ಕಷ್ಟೇ ಮಾತ್ರೆ ಕೊಟ್ಟಂತೆ ತೋರುತ್ತದೆ.

ಈ ಭಯ ಸುಳ್ಳಲ್ಲ. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಯ ದಾಳಿಗೆ ಬಲಿಯಾದರು. ಅವರಲ್ಲಿ 11 ವರ್ಷದ ಬಾಲಕನೂ ಇದ್ದನು. ಜನರನ್ನು ಕೊಂದ ಪ್ರಾಣಿಯನ್ನು ಹಿಡಿಯಲೇಬೇಕು. ಆದರೆ ಕಣ್ಣಿಗೆ ಬಿದ್ದ ಚಿರತೆಗಳೆಲ್ಲ ಕೊಲೆಗಡುಕರಲ್ಲ.

ಚಿರತೆ ಒಂಟಿಜೀವಿ. ಭಾರವಾದ ಬೇಟೆಯನ್ನೂ ಮರದ ಮೇಲಕ್ಕೆ ಎಳೆದೊಯ್ಯುವ ಬಲ ಅದರ ಹೆಗಲಿಗಿದೆ. ಹುಲಿ, ಸೀಳುನಾಯಿಗಳಿಂದ ಪಾರಾಗಲು ಮರವೇ ಅದಕ್ಕೆ ಆಶ್ರಯ. ಇಲಿಯಿಂದ ಜಿಂಕೆಯವರೆಗೆ ಸಿಕ್ಕಿದ್ದನ್ನು ತಿಂದು ಬದುಕಬಲ್ಲುದಾದ್ದರಿಂದ ಕಬ್ಬಿನ ಗದ್ದೆಯಲ್ಲಿಯೂ ಕಲ್ಲುಗುಡ್ಡದಲ್ಲಿಯೂ ಮರಿಮಾಡುತ್ತದೆ. ಕಸದ ರಾಶಿಗೆ ಬೀದಿನಾಯಿ ಬರುತ್ತದೆ. ನಾಯಿಯನ್ನು ಅರಸಿ ಚಿರತೆ ಬರುತ್ತದೆ. ರೋಗದ ಮೂಲ ಇಲ್ಲಿದೆ.

ಒಂದನ್ನು ಹಿಡಿದೊಯ್ದರೆ ತೆರವಾದ ನೆಲೆಗೆ ಮತ್ತೊಂದು ಬರುತ್ತದೆ. ದೂರದಲ್ಲಿ ಬಿಟ್ಟದ್ದು ತನ್ನ ಹಳೆಯ ನೆಲೆಯನ್ನು ಹುಡುಕುತ್ತ ಅಪರಿಚಿತ ಊರುಗಳ ನಡುವೆ ಅಲೆಯುತ್ತದೆ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ಹೀಗೆ ಸ್ಥಳಾಂತರಿಸಿದ ಬಳಿಕ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದುದನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿಕೊಟ್ಟಿದೆ.

2022ರ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ನಾವಿರುವ ಈ ಅರಬ್ ಪರ್ಯಾಯದ್ವೀಪದಲ್ಲಾದರೋ ಕಾಡಿನಲ್ಲಿ ಉಳಿದಿರುವ ಅರೇಬಿಯನ್ ಚಿರತೆಗಳು ಇನ್ನೂರಕ್ಕೂ ಕಡಿಮೆ. ಕಳೆದುಕೊಂಡುದನ್ನು ಅಲ್ ಉಲಾದ ಬೆಟ್ಟಗಳಿಗೆ ಮರಳಿಸಲು ಸೌದಿ ಅರೇಬಿಯವು ಅವುಗಳನ್ನು ಸಾಕಿ, ಮರಿಮಾಡಿಸುತ್ತಿದೆ. ನಮ್ಮ ನಾಡಿಗೆ ಆ ಸ್ಥಿತಿ ಬರುವುದು ಬೇಡ.

ಊರಿಗೆ ಹೋದಾಗ ನಾವು ಮಾಡಬಹುದಾದ ಕೆಲಸಗಳಿವೆ. ಕಸ ವಿಲೇವಾರಿ ಮತ್ತು ಬೀದಿದೀಪಗಳಿಗಾಗಿ ಪಂಚಾಯಿತಿಯನ್ನು ಒತ್ತಾಯಿಸೋಣ. ಕೊಟ್ಟಿಗೆಗೆ ಭದ್ರವಾದ ಬಾಗಿಲು ಹಾಕಿಸೋಣ. ಮುಸ್ಸಂಜೆಯಲ್ಲಿ ಮಕ್ಕಳನ್ನು ಒಂಟಿಯಾಗಿ ಹೊರಗೆ ಕಳುಹಿಸದಿರೋಣ. ಚಿರತೆ ಕಂಡರೆ ಗುಂಪುಗೂಡಿ ಅಟ್ಟದೆ ಅರಣ್ಯ ಇಲಾಖೆಗೆ ತಿಳಿಸೋಣ. ಪರಚಿದರೆ ಅಥವಾ ಕಚ್ಚಿದರೆ ಗಾಯವನ್ನು ಸೋಪು ಮತ್ತು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಚಿಕಿತ್ಸೆ ಪಡೆಯಬೇಕು.

ಅಜ್ಜಿಯ ಊರಿಗೆ ಮಕ್ಕಳು ಖಂಡಿತ ಹೋಗಲಿ. ಭಯವನ್ನಲ್ಲ, ಎಚ್ಚರವನ್ನು ಜೊತೆಗೆ ಕೊಟ್ಟು ಕಳುಹಿಸೋಣ.