ಹಿಮವನ್ನೆಸೆಯುವ ಯಂತ್ರವೂ ಹಿಂದಿರುಗಿ ನೋಡುವ ಕೊರಳೂ

ಪರದೇಶದಲ್ಲಿ ನೆಲೆಸಿದ ಕನ್ನಡಿಗರನ್ನು ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಹಬ್ಬ, ಸಂಗೀತ, ಮಕ್ಕಳ ಭಾಷಾಭ್ಯಾಸ ಇವುಗಳ ಎಲ್ಲೆಯನ್ನು ಮೀರುವುದಿಲ್ಲವಾದ್ದರಿಂದ, ಷಿಕಾಗೋ ನಗರದ ಪಶ್ಚಿಮಕ್ಕೆ, ಓಹೇರ್ ವಿಮಾನನಿಲ್ದಾಣದಿಂದಾಚೆಗಿರುವ ಇಟಾಸ್ಕಾದ ಆಸುಪಾಸಿನಲ್ಲಿ ಅಕ್ಟೋಬರ್ ತಿಂಗಳು ಬಂತೆಂದರೆ ಕೆಲವು ಮನೆಗಳಲ್ಲಿ ಟ್ರ್ಯಾಕ್ಟರಿಗೆ ಯಾವ ಸ್ನೋಬ್ಲೋವರನ್ನು ಜೋಡಿಸಬೇಕೆಂಬ ಚರ್ಚೆ ಗಂಭೀರವಾಗಿ ನಡೆಯುತ್ತದೆಂದು ಹೇಳಿದರೆ ವಾಚಕರು ನಕ್ಕಾರು. ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವನಿಗೆ ಟ್ರ್ಯಾಕ್ಟರೇಕೆ? ಇಟಾಸ್ಕಾದೊಳಗಿನ ನಿವೇಶನಗಳು ಚಿಕ್ಕವು. ಅಲ್ಲಿಯವರಿಗೆ ಕೈಯಿಂದ ತಳ್ಳಿಕೊಂಡು ಹೋಗುವ ಯಂತ್ರವೇ ಸಾಕು. ಆದರೆ ಡ್ಯುಪೇಜ್ ಕೌಂಟಿಯನ್ನು ದಾಟಿ ಕೇನ್ ಕೌಂಟಿಯತ್ತ ಸರಿದಂತೆ ಒಂದೆರಡು ಎಕರೆಯ ಮನೆಗಳೂ ಜಲ್ಲಿ ಹಾಸಿದ ನೀಳವಾದ ಡ್ರೈವ್‌ವೇಗಳೂ ಎದುರಾಗುತ್ತವೆ. ಬೇಸಗೆಯಲ್ಲಿ ಹುಲ್ಲು ಕತ್ತರಿಸುವುದಕ್ಕೂ ಮಣ್ಣು ಸಾಗಿಸುವುದಕ್ಕೂ ಕೊಂಡ ಇಪ್ಪತ್ತು ಮೂವತ್ತು ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರು ಚಳಿಗಾಲದಲ್ಲಿಯೂ ಅನ್ನ ಸಂಪಾದಿಸಲೆಂದು ಅಲ್ಲಿಯ ಗೃಹಸ್ಥನು ಅಪೇಕ್ಷಿಸುವುದು ನ್ಯಾಯವೇ ಆಗಿದೆ.

ಮೊದಲು ಹಿಮದ ಸ್ವಭಾವವನ್ನು ವಿಚಾರಿಸೋಣ. ಷಿಕಾಗೋ ಪ್ರಾಂತದಲ್ಲಿ ಒಂದು ಚಳಿಗಾಲಕ್ಕೆ ಬೀಳುವ ಹಿಮ ಸರಾಸರಿ ಸುಮಾರು 37 ಅಂಗುಲ. ಕನ್ನಡಿಗರ ಇನ್ನೊಂದು ನೆಲೆಯಾದ ಡೆಟ್ರಾಯಿಟಿನಲ್ಲಿ ಅದಕ್ಕಿಂತ ಕೊಂಚ ಹೆಚ್ಚು. ಐದು ತಿಂಗಳಿಗೆ ಹಂಚಿ ನೋಡಿದರೆ ಇದೇನು ಮಹಾ ಎನ್ನಿಸಬಹುದಾದರೂ, ಹಿಮ ಹಂಚಿಕೊಂಡು ಬೀಳುವುದಿಲ್ಲ. 1967ರ ಜನವರಿ 26, 27ರಂದು ಒಂದೇ ಬಿರುಗಾಳಿಯಲ್ಲಿ 23 ಅಂಗುಲ ಬಿದ್ದು ಬಸ್ಸುಗಳೂ ಕಾರುಗಳೂ ನಡುರಸ್ತೆಯಲ್ಲಿಯೇ ಹೂತುಹೋದುವು. 1979ರ ಜನವರಿಯ ಹಿಮವನ್ನು ಸಕಾಲದಲ್ಲಿ ತೆಗೆಸಲಾರದೆ ಹೋದ ಮೇಯರ್ ಮೈಕೆಲ್ ಬಿಲಾಂಡಿಕ್, ಮರುತಿಂಗಳು ಸ್ವಪಕ್ಷದೊಳಗೆ ನಡೆದ ಚುನಾವಣೆಯಲ್ಲಿ ಜೇನ್ ಬರ್ನ್ ಅವರೆದುರು ಸೋತು ಪದವಿಯನ್ನೇ ಕಳೆದುಕೊಂಡರು. (ಬರವೂ ನೆರೆಯೂ ನಮ್ಮಲ್ಲಿ ಎಷ್ಟೋ ಆಗಿವೆ, ಅಷ್ಟು ಚುರುಕಾಗಿ ಶಿಕ್ಷಿಸಿದ ಮತದಾರರು ವಿರಳ.) ಹಿಮದಲ್ಲಿಯೂ ಜಾತಿಗಳುಂಟು: ಜನವರಿಯ ಕಡುಚಳಿಯಲ್ಲಿ ಬೀಳುವುದು ಒಣಗಿದ ಪುಡಿ, ಮಾರ್ಚಿಯಲ್ಲಿ ಬೀಳುವುದು ನೀರು ತುಂಬಿ ಮುದ್ದೆಯಂತೆ ಅಂಟಿಕೊಳ್ಳುವ ಭಾರವಾದ ಹಿಮ. ಇವೆರಡಕ್ಕಿಂತಲೂ ಕಠಿನವಾದ ಮೂರನೆಯದನ್ನು ಪ್ರಕೃತಿಯಲ್ಲ, ರಸ್ತೆಯನ್ನು ಶುದ್ಧಗೊಳಿಸುವ ಲಾರಿ ಸೃಷ್ಟಿಸುತ್ತದೆ. ಅದು ಹಾದುಹೋಗುವಾಗ ಪ್ರತಿಯೊಂದು ಮನೆಯ ಬಾಯಿಗೆ ಅಡ್ಡಲಾಗಿ ಕಟ್ಟಿಹೋಗುವ, ಉಪ್ಪು ಕೆಸರು ಬೆರೆತು ರಾತ್ರಿಯೊಳಗಾಗಿ ಕಲ್ಲಾಗುವ ಒಡ್ಡಿನ ಮುಂದೆಯೇ ಯಂತ್ರದ ನಿಜವಾದ ಯೋಗ್ಯತೆ ಗೊತ್ತಾಗುವುದು.

ಟ್ರ್ಯಾಕ್ಟರಿಗೆ ಜೋಡಿಸುವ ಸ್ನೋಬ್ಲೋವರು ಸಾಮಾನ್ಯವಾಗಿ ಎರಡು ಹಂತದ್ದಾಗಿರುತ್ತದೆ. ಮುಂಭಾಗದಲ್ಲಿ ಅಡ್ಡಲಾಗಿ ತಿರುಗುವ ಉಕ್ಕಿನ ಸುರುಳಿ ಹಿಮವನ್ನು ಕೊರೆದು ನಡುವಿಗೆ ಎಳೆದುಕೊಡುತ್ತದೆ. ಅದರ ಹಿಂದೆ ವೇಗವಾಗಿ ಸುತ್ತುವ ರೆಕ್ಕೆಚಕ್ರ ಅದನ್ನು ಕೊಳವೆಯ ಮೂಲಕ ದೂರಕ್ಕೆ ಎಸೆಯುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್ಡ್ 1925ರಲ್ಲಿ ಇಂಥ ಯಂತ್ರವೊಂದನ್ನು ವಾಹನದ ಮೇಲೆ ನಿಲ್ಲಿಸಿ ತೋರಿಸಿದನು. ಆದರೆ ಗೃಹಸ್ಥನ ಟ್ರ್ಯಾಕ್ಟರಿಗೆ ಅದು ಒದಗುವಂತಾದುದಕ್ಕೆ ಕಾರಣಗಳು ಎರಡು, ಅವೆರಡಕ್ಕೂ ಈ ಸೀಮೆಯ ನಂಟುಂಟು. ಎಂಜಿನಿನ ಶಕ್ತಿಯನ್ನು ಟ್ರ್ಯಾಕ್ಟರಿನ ಹಿಂದಕ್ಕೆ ಸಾಗಿಸಿ ಬೇರೊಂದು ಯಂತ್ರವನ್ನು ತಿರುಗಿಸುವ ಪಿ.ಟಿ.ಓ. ದಂಡವನ್ನು 1918ರ ಸುಮಾರಿಗೆ ವಾಣಿಜ್ಯರಂಗಕ್ಕೆ ತಂದ ಅಗ್ರಗಾಮಿ, ಷಿಕಾಗೋದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ. ಉಪಕರಣವನ್ನು ಮೂರು ಬಿಂದುಗಳಲ್ಲಿ ಹಿಡಿದು ಎತ್ತಿ ಇಳಿಸುವ ಜೋಡಣೆಯನ್ನು ಕಂಡುಹಿಡಿದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. ಅವನು 1938ರಲ್ಲಿ ಡೆಟ್ರಾಯಿಟಿನ ನೆರೆಯ ಡಿಯರ್‌ಬಾರ್ನಿಗೆ ಬಂದು ಹೆನ್ರಿ ಫೋರ್ಡನೊಡನೆ ಕಾಗದಪತ್ರವೊಂದೂ ಇಲ್ಲದೆ ಕೇವಲ ಕೈಕುಲುಕಿ ಒಪ್ಪಂದ ಮಾಡಿಕೊಂಡನು, ಮರುವರ್ಷವೇ ಆ ಜೋಡಣೆಯುಳ್ಳ ಫೋರ್ಡ್ 9ಎನ್ ಟ್ರ್ಯಾಕ್ಟರು ಹೊರಬಂತು. ಕೈಕುಲುಕಿದ ಮೈತ್ರಿ ಕೊನೆಗೆ ನ್ಯಾಯಾಲಯವನ್ನು ಹತ್ತಿ, 1952ರಲ್ಲಿ ಫೋರ್ಡ್ ಕಂಪನಿ ತೊಂಬತ್ತೆರಡೂವರೆ ಲಕ್ಷ ಡಾಲರು ತೆತ್ತು ರಾಜಿಯಾಗಬೇಕಾಯಿತು. ಮಂಡ್ಯದ ಗದ್ದೆಯಲ್ಲಿ ಕೆಂಪು ಮ್ಯಾಸಿ ಫರ್ಗುಸನ್ನಿಗೆ ರೋಟವೇಟರು ಸಿಕ್ಕಿಸುವ ರೈತನೂ ಇಲ್ಲಿ ಸ್ನೋಬ್ಲೋವರು ಸಿಕ್ಕಿಸುವ ಅವನ ಊರಿನ ಎಂಜಿನಿಯರನೂ ಉಪಯೋಗಿಸುವುದು ಇದೇ ಮೂರು ಕೊಂಡಿಗಳನ್ನು, ನಿಮಿಷಕ್ಕೆ 540 ಸುತ್ತಿನ ಇದೇ ದಂಡವನ್ನು. ಮಹೀಂದ್ರ ಸಂಸ್ಥೆ 1963ರಲ್ಲಿ ಟ್ರ್ಯಾಕ್ಟರು ತಯಾರಿಕೆಗೆ ಇಳಿದದ್ದು ಷಿಕಾಗೋದ ಆ ಕಂಪನಿಯ ಸಹಯೋಗದಿಂದಲೇ. ಇಂದು ಮಹೀಂದ್ರದ ಪುಟ್ಟ ಟ್ರ್ಯಾಕ್ಟರುಗಳು ಅಮೆರಿಕದ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ.

ಹೀಗಿರುವಾಗ ಆಯ್ಕೆಯ ಪ್ರಶ್ನೆ ಬರುವುದು ಯಂತ್ರವನ್ನು ಹಿಂದೆ ಕಟ್ಟಬೇಕೆ ಮುಂದೆ ಕಟ್ಟಬೇಕೆ ಎಂಬುದರಲ್ಲಿ. ಹಿಂದಿನದು ಅಗ್ಗ, ಸರಳ. ಮುಂದಿರುವ ಮಣ್ಣೆತ್ತುವ ಬಕೆಟ್ಟನ್ನು ಬಿಚ್ಚಬೇಕಾಗಿಲ್ಲ. ವಾರ್ಷಿಕವಾಗಿ ಜೋಡಿಸುವ ಬಿಚ್ಚುವ ಶ್ರಮವೂ ಕಡಿಮೆ. ಮುಂದಿನದಕ್ಕೆ ಬಕೆಟ್ಟಿನ ತೋಳುಗಳನ್ನು ತೆಗೆಯಬೇಕು, ಹೊಟ್ಟೆಯಡಿಯ ಹುಲ್ಲುಕತ್ತರಿಯನ್ನು ಕಳಚಿ ಅಲ್ಲಿಂದ ದಂಡವನ್ನು ಹಾಯಿಸಬೇಕು, ಹಿಂಗಾಲಿಗಳಿಗೆ ತೂಕವನ್ನೂ ಸರಪಣಿಯನ್ನೂ ಒದಗಿಸಬೇಕು. ಬೆಲೆಯೂ ಬಲು ಹೆಚ್ಚು. ಲೆಕ್ಕ ನೋಡುವವನು ಹಿಂದಿನದನ್ನೇ ಕೊಳ್ಳುತ್ತಾನೆ, ಕೊಂಡು, ಚಳಿಗಾಲವಿಡೀ ಕೊರಳನ್ನು ಹಿಂದಕ್ಕೆ ತಿರುಚಿ, ಒಂದು ಕೈ ಚಕ್ರದ ಮೇಲೆ ಒಂದು ಕೈ ಸೀಟಿನ ಬೆನ್ನಿನ ಮೇಲೆ ಇಟ್ಟು, ತಾನೇ ಎಸೆದ ಹಿಮವನ್ನು ಗಾಳಿ ಮರಳಿ ಮುಖಕ್ಕೆ ತಂದೆರಚುತ್ತಿರಲು, ಗಂಟೆಗಟ್ಟಲೆ ಹಿಮ್ಮುಖವಾಗಿ ಚಲಿಸುತ್ತಾನೆ. ಇಪ್ಪತ್ತೈದರ ತರುಣನಿಗೆ ಇದು ವಿನೋದವಾಗಿದ್ದೀತು. ಆದರೆ ಎಕರೆಯ ಮನೆ ಕೊಳ್ಳುವ ಶಕ್ತಿ ಕೈಗೂಡುವುದು ಸಾಧಾರಣವಾಗಿ ನಲವತ್ತೈದರ ಮೇಲೆ; ಹಗಲೆಲ್ಲ ಪರದೆಯೆದುರು ಬಾಗಿ ಬಿಗಿದ ಕೊರಳನ್ನೇ ಅವನು ಮುಂಜಾನೆ ಆರು ಗಂಟೆಗೆ ಈ ಪರೀಕ್ಷೆಗೆ ಒಡ್ಡುತ್ತಾನೆ. ಅಶ್ವಶಕ್ತಿಯನ್ನು ಕುರಿತು ಅಂಗಡಿಯವನನ್ನು ನೂರು ಪ್ರಶ್ನೆ ಕೇಳುವ ನಾವು, ಕಣ್ಣು ಯಾವ ದಿಕ್ಕಿಗೆ ಇರಬೇಕಾಗುತ್ತದೆಂಬ ಮೊದಲ ಪ್ರಶ್ನೆಯನ್ನು ಮರೆಯುತ್ತೇವೆ. ನನ್ನ ಮತದಲ್ಲಿ ಐವತ್ತು ದಾಟಿದವನಿಗೆ, ಮನೆಯಂಗಳದಲ್ಲಿ ಮಕ್ಕಳು ಓಡಾಡುವವನಿಗೆ, ಮುಂದೆ ಕಟ್ಟುವ ಯಂತ್ರವೇ ಅದರ ಬೆಲೆಗೆ ಯೋಗ್ಯವಾದುದು.

ಇವೆರಡರ ನಡುವೆ ಮತ್ತೊಂದು ಬಗೆ ಉಂಟು: ಹಿಂದೆಯೇ ಕಟ್ಟಿದರೂ ಬಾಯಿ ಮುಂದಕ್ಕಿದ್ದು, ಟ್ರ್ಯಾಕ್ಟರು ಮುಂದೆ ಸಾಗಿದಂತೆ ಹಿಮವನ್ನು ಸೆಳೆದುಕೊಂಡು ಬರುವಂಥದು. ಕೊರಳಿಗೆ ಇದು ಹಿತ, ಜೇಬಿಗೂ ಸಹ್ಯ. ಆದರೆ ಚಕ್ರಗಳು ಮೊದಲು ಹಿಮವನ್ನು ತುಳಿದು ಗಟ್ಟಿಮಾಡಿ ಹೋಗುವುದರಿಂದ ಆ ಎರಡು ಪಟ್ಟಿಗಳು ಸರಿಯಾಗಿ ಶುದ್ಧವಾಗುವುದಿಲ್ಲ. ಟ್ರ್ಯಾಕ್ಟರಿನ ಹೊಟ್ಟೆಗೆ ಎಟುಕುವಷ್ಟು ಹಿಮ ಬಿದ್ದ ದಿನವಂತೂ ಅದು ನಿಂತಲ್ಲೇ ನಿಲ್ಲುತ್ತದೆ. ಇಟಾಸ್ಕಾದ ಆಸುಪಾಸಿನ ಸಾಧಾರಣ ವರ್ಷಕ್ಕೆ ಇದು ಸಾಕು, 1967ಕ್ಕೆ ಸಾಲದು.

ಅಗಲ ಎಷ್ಟಿರಬೇಕೆಂಬುದಕ್ಕೆ ಹೆಚ್ಚು ಚರ್ಚೆ ಬೇಡ: ಹಿಂಗಾಲಿಗಳ ಹೊರ ಅಂಚನ್ನು ಮುಚ್ಚುವಷ್ಟು, ಎಂಜಿನಿಗೆ ಉಬ್ಬಸ ಬರದಷ್ಟು. ಜಲ್ಲಿಯ ಹಾದಿಯಾದರೆ ತಳದ ಪಾದಗಳನ್ನು ಅಂಗುಲದಷ್ಟು ಎತ್ತರಿಸಿಡಬೇಕು, ಇಲ್ಲವಾದರೆ ಹಿಮದೊಡನೆ ಕಲ್ಲೂ ಹಾರಿ ನೆರೆಯವರ ಕಿಟಕಿಯನ್ನು ಸೇರುತ್ತದೆ. ಸುರುಳಿಗೆ ಕಲ್ಲೋ ಹೆಪ್ಪುಗಟ್ಟಿದ ಪತ್ರಿಕೆಯ ಕಟ್ಟೋ ಸಿಕ್ಕಿಕೊಂಡಾಗ ತಾನು ಮುರಿದು ಗೇರುಪೆಟ್ಟಿಗೆಯನ್ನುಳಿಸುವ ಶಿಯರ್ ಪಿನ್ ಎಂಬ ಮೆದು ಲೋಹದ ಬೋಲ್ಟಿಗೆ ಬದಲಾಗಿ, ಪದೇಪದೇ ಮುರಿಯುತ್ತದೆಂದು ಬೇಸತ್ತು ಗಟ್ಟಿ ಬೋಲ್ಟನ್ನು ಹಾಕುವ ಮಹಾನುಭಾವರಿದ್ದಾರೆ. ಹತ್ತು ಡಾಲರಿನೊಳಗಿನ ಪಿನ್ನನ್ನು ಉಳಿಸಿ ಸಾವಿರ ಡಾಲರಿನ ಪೆಟ್ಟಿಗೆಯನ್ನು ಒಡೆದುಕೊಳ್ಳುವ ಈ ಜಾಣತನವನ್ನು ನಮ್ಮವರು ಊರಿನಿಂದಲೇ ತಂದಿರಬೇಕು.

ಕೈಯ ವಿಚಾರ ಇದಕ್ಕಿಂತ ಗುರುತರವಾದುದು. ಮಾರ್ಚಿಯ ಒದ್ದೆ ಹಿಮ ಕೊಳವೆಯನ್ನು ಕಟ್ಟಿದಾಗ ಎಂಜಿನನ್ನು ನಿಲ್ಲಿಸಿದ್ದೇನಲ್ಲ ಎಂದು ಕೈಹಾಕುವವರ ಬೆರಳುಗಳು ಹೋಗಿರುವುದುಂಟು. ಏಕೆಂದರೆ ಸಿಕ್ಕಿಬಿದ್ದ ಯಂತ್ರದೊಳಗೆ ಬಿಗುಹು ಉಳಿದಿದ್ದು, ಅಡ್ಡಿ ಸರಿದ ಕ್ಷಣದಲ್ಲಿ ರೆಕ್ಕೆಚಕ್ರ ಎಂಜಿನಿನ ಸಹಾಯವಿಲ್ಲದೆಯೂ ಥಟ್ಟನೆ ತಿರುಗಬಲ್ಲದು. ನಮ್ಮ ಒಕ್ಕಣೆ ಯಂತ್ರಗಳ ಬಳಿ ಕೈ ಕಳೆದುಕೊಂಡವರನ್ನು ಕಂಡ ಕಣ್ಣುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋಲನ್ನೇ ಬಳಸಬೇಕು, ಅದನ್ನು ಯಂತ್ರಕ್ಕೇ ಕಟ್ಟಿಟ್ಟಿರಬೇಕು. 1913ರಲ್ಲಿ ಸ್ಥಾಪಿತವಾದ ಅಮೆರಿಕದ ರಾಷ್ಟ್ರೀಯ ಸುರಕ್ಷತಾ ಮಂಡಳಿಯ ಪ್ರಧಾನ ಕಾರ್ಯಾಲಯ ಇರುವುದು ಇದೇ ಇಟಾಸ್ಕಾದಲ್ಲಿ. ಸಲಿಕೆಯಿಂದ ಹಿಮ ತೋಡುವಾಗ ಈ ದೇಶದಲ್ಲಿ ವರ್ಷಕ್ಕೆ ನೂರರವರೆಗೂ ಮರಣಗಳು ಸಂಭವಿಸುತ್ತವೆಂದು ಎಚ್ಚರಿಸುತ್ತಿರುವುದೂ ಅದೇ ಮಂಡಳಿ. ದಕ್ಷಿಣ ಏಷ್ಯಾದವರಿಗೆ ಹೃದ್ರೋಗದ ಬಾಧೆ ಏಕೆ ಅಧಿಕವೆಂಬುದನ್ನು ಷಿಕಾಗೋ, ಸ್ಯಾನ್‌ಫ್ರಾನ್ಸಿಸ್ಕೋ ಪ್ರಾಂತಗಳ ಭಾರತೀಯರೇ ಮೊದಲಾದವರನ್ನು ಪರೀಕ್ಷಿಸಿ ಅರಿಯಲೆತ್ನಿಸುತ್ತಿರುವ ‘ಮಸಾಲಾ’ ಎಂಬ ಹೆಸರಿನ ಅಧ್ಯಯನವೂ ನಡೆದಿದೆ. ಇವೆರಡನ್ನೂ ಕೂಡಿಸಿ ನೋಡಿದವನು ಸ್ನೋಬ್ಲೋವರನ್ನು ಶ್ರೀಮಂತರ ಆಟಿಕೆಯೆಂದು ಹೀಯಾಳಿಸಲಾರನು. ಸಲಿಕೆ ಹಿಡಿಯಬಾರದ ದೇಹಕ್ಕೆ ಅದು ಅವಶ್ಯವಾದ ಉಪಕರಣ. ಆದುದರಿಂದಲೇ ಅದನ್ನು ಕೊಳ್ಳುವಾಗ ದೇಹವನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಬೇಕೆಂದು ನಾನು ಹಟಹಿಡಿಯುವುದು.

ಷಿಕಾಗೋದ ವಿದ್ಯಾರಣ್ಯ ಕನ್ನಡ ಕೂಟವೂ ಡೆಟ್ರಾಯಿಟಿನ ಪಂಪ ಕನ್ನಡ ಕೂಟವೂ ರಾಜ್ಯೋತ್ಸವವನ್ನಾಚರಿಸುವ ಕಾಲ, ಹುಲ್ಲುಕತ್ತರಿಯನ್ನು ಕಳಚಿ ಸ್ನೋಬ್ಲೋವರನ್ನು ಏರಿಸುವ ಕಾಲವೂ ಹೌದು. ಆ ದಿನಗಳಲ್ಲಿ ಯಾರಾದರೊಬ್ಬರ ಅಂಗಳದಲ್ಲಿ ಮೂರು ಬಗೆಯ ಯಂತ್ರಗಳನ್ನೂ ನಿಲ್ಲಿಸಿ, ಕೊಳ್ಳಬೇಕೆಂದಿರುವವರನ್ನು ಒಬ್ಬೊಬ್ಬರನ್ನಾಗಿ ಸೀಟಿನ ಮೇಲೆ ಕೂರಿಸಿ, ಕಾಲುಗಂಟೆ ಹಿಂದಿರುಗಿ ನೋಡುತ್ತ ಚಾಲನೆ ಮಾಡಿಸುವ ವ್ಯವಸ್ಥೆಯಾದರೆ, ಹಿಂದಿನದು ಬೇಕೋ ಮುಂದಿನದು ಬೇಕೋ ಎಂಬ ವಾದ ಅಲ್ಲಿಯೇ ತೀರಿಹೋಗುತ್ತದೆ. ಉಳಿದ ಸಮಯದಲ್ಲಿ ಪಿನ್ ಬದಲಾಯಿಸುವುದನ್ನೂ ಕೋಲಿನಿಂದ ಕೊಳವೆ ಬಿಡಿಸುವುದನ್ನೂ ಮನೆಯ ಹೆಂಗಸರಿಗೂ ತೋರಿಸಿಕೊಡಬಹುದು, ಏಕೆಂದರೆ ಯಜಮಾನನು ಬೆಂಗಳೂರಿಗೆ ಹೋದ ವಾರವೇ ದೊಡ್ಡ ಹಿಮ ಬೀಳುವುದು ವಾಡಿಕೆ.